1489 ಸಿಸಿ ಅಂಬಾಸಿಡರ್: ಸೋಲೆಕ್ಸ್ ಉಳಿಸಿಕೊಳ್ಳೋದಾ, ಇಂಜೆಕ್ಷನ್ ಹಾಕಿಸೋದಾ?

ಹಾಸನ_ಮಾರ್ಕ್4

ಎಲ್ಲರಿಗೂ ನಮಸ್ಕಾರ. ಗಾಡಿ 1986ರ ಅಂಬಾಸಿಡರ್ ಮಾರ್ಕ್ 4, 1489 ಸಿಸಿ ಪೆಟ್ರೋಲ್. ಸೋಲೆಕ್ಸ್ 32 ಪಿಬಿಐಸಿ ಕಾರ್ಬುರೇಟರ್ (ಪೆಟ್ರೋಲ್, ಗಾಳಿ ಬೆರೆಸುವ ಭಾಗ), ಮೆಕ್ಯಾನಿಕಲ್ ಪೆಟ್ರೋಲ್ ಪಂಪ್, ಪಾಯಿಂಟ್ ಇರುವ ಡೆಲ್ಕೊ (ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್). ಡೈನಮೋ ತೆಗೆದು 35 ಆಂಪ್ ಆಲ್ಟರ್ನೇಟರ್ ಕೂರಿಸಿದೆ. ಇಂಜಿನ್ ಕಂಪ್ರೆಷನ್ ನಾಲ್ಕೂ ಸಿಲಿಂಡರ್‌ನಲ್ಲಿ ಸಮ ಇದೆ, ಆಯಿಲ್ ಸುಡ್ತಿಲ್ಲ.

ತೊಂದರೆಗಳು ಇವು:

ಬೆಳಿಗ್ಗೆ ಚೋಕ್ ಎಳೆದರೆ ಅರ್ಧ ಸೆಲ್ಫ್‌ಗೇ ಸ್ಟಾರ್ಟ್. ಬಿಸಿಯಾದ ಮೇಲೆ ಹತ್ತು ಹದಿನೈದು ನಿಮಿಷ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗೋಕೆ ಕಾಡುತ್ತೆ. ಏಪ್ರಿಲ್, ಮೇ ತಿಂಗಳಲ್ಲಿ ಮಂಗಳೂರಿಂದ ವಾಪಸ್ ಬರುವಾಗ ಶಿರಾಡಿ ಘಾಟಿಯಲ್ಲಿ ಎರಡನೇ ಗೇರ್‌ನಲ್ಲಿ ಹತ್ತುತ್ತಾ ಇದ್ದಕ್ಕಿದ್ದಂತೆ ಉಸಿರು ಕಟ್ಟುತ್ತೆ, ಪಂಪ್ ಮೇಲೆ ಒದ್ದೆ ಬಟ್ಟೆ ಹಾಕಿದರೆ ಸ್ವಲ್ಪ ಹೊತ್ತಿಗೆ ಸರಿಹೋಗುತ್ತೆ. ಹಾಸನದಲ್ಲಿ ನಯವಾಗಿ ಓಡೋ ಗಾಡಿ ಮಂಗಳೂರಿನಲ್ಲಿ 50–60 ವೇಗದಲ್ಲಿ ಸಣ್ಣಗೆ ಎಕ್ಸಲೇಟರ್ ಕೊಟ್ಟಾಗ ಜರ್ಕ್ ಹೊಡೆಯುತ್ತೆ. ನಿಂತಲ್ಲಿಂದ ಹೊರಡುವಾಗ ಒಂದು ಕ್ಷಣ ಪಿಕಪ್ ಸತ್ತು ಆಮೇಲೆ ಎಳೆಯುತ್ತೆ.

ಒಂದು ಗ್ಯಾರೇಜ್‌ನವರು, ಇ20 (ಶೇ 20 ಎಥನಾಲ್ ಬೆರೆತ) ಪೆಟ್ರೋಲ್ ಬಂದ ಮೇಲೆ ಕಾರ್ಬುರೇಟರ್ ಕಾಲ ಮುಗೀತು, ನಾಲ್ಕು ಇಂಜೆಕ್ಟರ್‌ಗಳನ್ನು (ಪೆಟ್ರೋಲ್ ಸಿಂಪಡಿಸುವ ನಳಿಕೆ) ನಾಲ್ಕು ಪೋರ್ಟ್‌ಗೆ (ಸಿಲಿಂಡರ್‌ಗೆ ಗಾಳಿ ಹೋಗುವ ದಾರಿ) ಕೂರಿಸಿ ಎಂಪಿಎಫ್‌ಐ ಮಾಡಿಕೊಡ್ತೀವಿ ಅಂತಾರೆ. ಇನ್ನೊಬ್ಬರು ಇಸುಜು 1.8 ಇಂಜಿನ್ನೇ ಇಳಿಸಿ ಅಂತಾರೆ. ಇಂಜಿನ್ ಬದಲಿಸೋಕೆ ನನಗೆ ಮನಸ್ಸಿಲ್ಲ. ಕಾರ್ಬುರೇಟರ್ ಮತ್ತು ಇಂಜೆಕ್ಷನ್ ಮಧ್ಯೆ ಯಾವುದನ್ನು ಆರಿಸಿಕೊಳ್ಳಲಿ, ಯಾಕೆ ಅನ್ನೋದನ್ನು ತಿಳಿದವರು ಬಿಡಿಸಿ ಹೇಳಿ.

ಜೆಟ್_ನೂರಿಪ್ಪತ್ತೈದು

ಸರ್, ನೀವು ಹೇಳಿದ ನಾಲ್ಕು ತೊಂದರೆಗೂ ಬೇರೆ ಬೇರೆ ಕಾರಣ ಇದೆ. ಕಾರ್ಬುರೇಟರ್ ಹಳೇದು ಅನ್ನೋ ಒಂದೇ ಮಾತಲ್ಲಿ ಎಲ್ಲವನ್ನೂ ಕಟ್ಟಿ ಇಂಜೆಕ್ಷನ್ ಹಾಕಿಸೋದು ಸರಿಯಲ್ಲ. ಒಂದೊಂದಾಗಿ ನೋಡೋಣ.

ಮಂಗಳೂರಿನ ಜರ್ಕ್. ಇದು ಲೆಕ್ಕಕ್ಕೆ ಸಿಗುವ ತೊಂದರೆ. ಶುದ್ಧ ಪೆಟ್ರೋಲ್ ಒಂದು ಕೆಜಿ ಸುಡೋಕೆ 14.7 ಕೆಜಿ ಗಾಳಿ ಬೇಕು, ಇ20ಗೆ ಸುಮಾರು 13.6 ಸಾಕು. ಅಂದರೆ ಅದೇ ಗಾಳಿಗೆ ಶೇ 8ರಷ್ಟು ಹೆಚ್ಚು ಪೆಟ್ರೋಲ್ ಹೋಗಬೇಕು. ಕಾರ್ಬುರೇಟರ್‌ಗೆ ಅದು ಗೊತ್ತಾಗಲ್ಲ, ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಬಿಡಿಭಾಗ) ತೂತು ಇದ್ದಷ್ಟೇ ಬಿಡುತ್ತೆ. ಇನ್ನು ಎತ್ತರ. ಹಾಸನ ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿದೆ, ಗಾಳಿ ತೆಳು, ಹಾಗಾಗಿ ಕಾರ್ಬುರೇಟರ್ ತಾನಾಗಿಯೇ ಶೇ 4–5ರಷ್ಟು ರಿಚ್ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಹೆಚ್ಚು) ಆಗುತ್ತೆ. ಇ20 ಲೀನ್ (ಪೆಟ್ರೋಲ್ ಕಡಿಮೆ) ಮಾಡಿದ್ದನ್ನು ಹಾಸನದ ಎತ್ತರ ಅರ್ಧಕ್ಕರ್ಧ ಮುಚ್ಚಿಹಾಕ್ತಿದೆ. ಘಾಟಿ ಇಳಿದ ಕೂಡಲೇ ಆ ಮುಸುಕು ಹೋಗಿ ಪೂರ್ತಿ ಲೀನ್ ಓಡುತ್ತೆ. ಮಂಗಳೂರಿನಲ್ಲಿ ಒಂದಷ್ಟು ದೂರ ಓಡಿಸಿ, ಕ್ಲಚ್ ಒತ್ತಿ ಇಂಜಿನ್ ಆಫ್ ಮಾಡಿ ಪ್ಲಗ್ ಬಿಚ್ಚಿ ನೋಡಿ. ಪೊರ್ಸಲಿನ್ ಸುಣ್ಣದ ಬಿಳಿ ಇದ್ದರೆ ಅನುಮಾನವೇ ಬೇಡ.

ಮದ್ದು: ಮೇನ್ ಜೆಟ್ ಒಂದು ಸೈಜ್ ಮೇಲೆ. ಸೋಲೆಕ್ಸ್ ಜೆಟ್ ಮೇಲಿನ ಅಂಕೆ ಮಿಲಿಮೀಟರ್‌ನ ನೂರನೇ ಭಾಗದಲ್ಲಿ ತೂತಿನ ವ್ಯಾಸ. 120 ಇದ್ದರೆ 125 ಹಾಕಿ, 125 ಇದ್ದರೆ 130. ವ್ಯಾಸ ಶೇ 4 ಹೆಚ್ಚಿದರೆ ಹರಿವು ಶೇ 8 ಹೆಚ್ಚುತ್ತೆ, ಇ20 ಕೇಳೋದೂ ಅಷ್ಟೇ. ಹಾಸನದಲ್ಲಿ ಸ್ವಲ್ಪ ರಿಚ್ ಆಗುತ್ತೆ, ಪರವಾಗಿಲ್ಲ. ಲೀನ್ ಓಡಿದರೆ ಎಕ್ಸಾಸ್ಟ್ ವಾಲ್ವ್ ಸುಡುತ್ತೆ, ರಿಚ್ ಓಡಿದರೆ ಸ್ವಲ್ಪ ಮೈಲೇಜ್ ಹೋಗುತ್ತೆ. ಐಡಲ್ ಜೆಟ್ ಕೂಡ ಒಂದು ಸೈಜ್ ಏರಿಸಿ, ಏಕೆಂದರೆ 50–60ರಲ್ಲಿ ಸಣ್ಣ ಎಕ್ಸಲೇಟರ್ ಅಂದರೆ ಇನ್ನೂ ಐಡಲ್ ಸರ್ಕಿಟ್‌ನಿಂದ ಮೇನ್‌ಗೆ ದಾಟುವ ಜಾಗ. ಒಂದು ವಿಷಯ ಮರೀಬೇಡಿ: ಏರ್ ಕರೆಕ್ಷನ್ ಜೆಟ್ ಇದರ ಉಲ್ಟಾ, ಅಂಕೆ ಹೆಚ್ಚಾದರೆ ಲೀನ್. ಈಗಿರುವ ಜೆಟ್‌ಗಳನ್ನು ಬೆಳಕಿಗೆ ಹಿಡಿದು ನೋಡಿ. ತಂತಿ, ಸೂಜಿ ಚುಚ್ಚಿ ಕ್ಲೀನ್ ಮಾಡಿದ ಜೆಟ್‌ನ ತೂತು ಉರುಟಾಗಿರಲ್ಲ, ಅಂಚು ಹರಿದಿರುತ್ತೆ. ಅದರ ಮೇಲಿನ ಅಂಕೆಗೆ ಅರ್ಥ ಇಲ್ಲ, ಎಸೆದುಬಿಡಿ.

ಹೊರಡುವಾಗ ಪಿಕಪ್ ಸಾಯೋದು. ಏರ್ ಕ್ಲೀನರ್ ತೆಗೆದು, ಇಂಜಿನ್ ಆಫ್ ಇರುವಾಗ ಎಕ್ಸಲೇಟರ್ ಲಿಂಕ್ ಕೈಯಲ್ಲಿ ಒತ್ತಿ. ಒತ್ತಿದ ಕ್ಷಣವೇ ಕಾರ್ಬುರೇಟರ್ ಒಳಗಿನ ಎಕ್ಸಲೇಟರ್ ಪಂಪ್‌ನ ನಳಿಕೆಯಿಂದ ಗಟ್ಟಿ ಧಾರೆ ಬರಬೇಕು. ತಡವಾಗಿ ಬಂದರೆ ಅಥವಾ ತೊಟ್ಟಿಕ್ಕಿದರೆ ಡಯಾಫ್ರಂ ಗಟ್ಟಿಯಾಗಿದೆ. ಹಳೇ ರಬ್ಬರ್ ಬಟ್ಟೆಯ ಡಯಾಫ್ರಂ ಎಥನಾಲ್‌ಗೆ ಮೊದಲು ಉಬ್ಬುತ್ತೆ, ಗಾಡಿ ನಿಂತು ಒಣಗಿದಾಗ ಸೆಟೆದುಕೊಳ್ಳುತ್ತೆ. ಕಿಟ್ ತರುವಾಗ ಎಥನಾಲ್ ತಡೆಯುವ ಡಯಾಫ್ರಂ ಅಂತ ಕೇಳಿಯೇ ತನ್ನಿ. ಗೋಡೌನ್‌ನಲ್ಲಿ ಹತ್ತಾರು ವರ್ಷ ಕೂತ ಹಳೇ ಸ್ಟಾಕ್ ಕಿಟ್ ನೋಡೋಕೆ ಒರಿಜಿನಲ್, ಬಾಳಿಕೆ ಇಲ್ಲ.

ಥ್ರಾಟಲ್ ಸ್ಪಿಂಡಲ್ (ಗಾಳಿ ದಾರಿ ತೆರೆಯುವ ಬಿಲ್ಲೆ, ಅಂದರೆ ಬಟರ್‌ಫ್ಲೈ, ತಿರುಗುವ ಸರಳು). ಅದರ ಎರಡೂ ತುದಿಗೆ ಐಡಲ್‌ನಲ್ಲಿ ಸ್ವಲ್ಪ ಕಾರ್ಬ್ ಕ್ಲೀನರ್ ಸ್ಪ್ರೇ ಮಾಡಿ. ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳ ಹೊಗೆ ಸೇರಿಸುವ ಬಿಸಿ ಕೊಳವೆ) ಕೆಳಗೇ ಇದೆ, ಇಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ಬೇಗ ಮುಗಿಸಿ. ಆರ್‌ಪಿಎಂ ಬದಲಾದರೆ ಅಲ್ಲಿಂದ ಗಾಳಿ ಎಳೀತಿದೆ. ಲೇತ್‌ನಲ್ಲಿ ಬಾಡಿ ಬೋರ್ ಮಾಡಿ ಕಂಚಿನ ಬುಶ್ ಕೂರಿಸಿ ರೀಮ್ ಮಾಡಿಸಬೇಕು. ಕಾರ್ಬುರೇಟರ್ ತಳದ ಫ್ಲಾಂಜ್‌ನ ಎರಡು ಕಿವಿಗಳನ್ನು ಗಾಜಿನ ಮೇಲಿಟ್ಟು ಫೀಲರ್ ಗೇಜ್ ಹಾಕಿ ನೋಡಿ. 0.05 ಮಿ.ಮೀ. ಬ್ಲೇಡ್ ನುಗ್ಗಿದರೆ ನಟ್ ಬಿಗಿ ಹೆಚ್ಚಾಗಿ ಬಾಗಿದೆ ಅಂತಲೇ. ಗಾಜಿನ ಮೇಲೆ 400 ನಂಬರ್ ಎಮರಿ ಇಟ್ಟು ಉಜ್ಜಿದರೆ ನೇರ ಆಗುತ್ತೆ.

ಬಿಸಿ ಸ್ಟಾರ್ಟ್. ಇಲ್ಲಿ ಜನ ಎರಡು ಕಾಯಿಲೆಯನ್ನು ಒಂದು ಮಾಡ್ತಾರೆ. ನಿಮ್ಮ ಬಿ ಸೀರೀಸ್ (ಬ್ರಿಟನ್ನಿನ ಬಿಎಂಸಿ ಕಂಪನಿಯ ವಿನ್ಯಾಸ) ಇಂಜಿನ್‌ನಲ್ಲಿ ಇಂಟೇಕ್, ಎಕ್ಸಾಸ್ಟ್ ಎರಡೂ ಒಂದೇ ಬದಿ, ಕಾರ್ಬುರೇಟರ್ ಕೂತಿರೋದೇ ಎಕ್ಸಾಸ್ಟ್ ಶಾಖದ ಮೇಲೆ. ನಿಲ್ಲಿಸಿದ ಮೇಲೆ ಕಾರ್ಬುರೇಟರ್‌ನ ಬೌಲ್ (ಪೆಟ್ರೋಲ್ ನಿಲ್ಲುವ ಬಟ್ಟಲು) ಒಳಗಿರುವ ಪೆಟ್ರೋಲ್ ಕುದಿಯುತ್ತೆ. ಮುಂದಿನ ಸಲ ಸ್ಟಾರ್ಟ್ ಆಗದಿದ್ದಾಗ ಏರ್ ಕ್ಲೀನರ್ ತೆಗೆದು ಟಾರ್ಚ್ ಬಿಟ್ಟು ಒಳಗೆ ನೋಡಿ. ಗೋಡೆ ಒದ್ದೆಯಾಗಿ ಘಾಟು ಹೊಡೀತಿದ್ದರೆ ಬೌಲ್ ಉಕ್ಕಿ ಮ್ಯಾನಿಫೋಲ್ಡ್‌ಗೆ ಸುರಿದಿದೆ: ಎಕ್ಸಲೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೀರಿ, ಪದೇ ಪದೇ ತುಳೀಬೇಡಿ, ಪ್ರತಿ ತುಳಿತಕ್ಕೂ ಪಂಪ್ ಇನ್ನಷ್ಟು ಸುರಿಯುತ್ತೆ. ಒಣಗಿದ್ದು, ಲಿಂಕ್ ಒತ್ತಿದರೆ ಧಾರೆಯೂ ಬರದಿದ್ದರೆ ಬೌಲ್ ಖಾಲಿ, ಲೈನ್‌ನಲ್ಲಿ ಆವಿ ಕಟ್ಟಿದೆ. ಒಂದಕ್ಕೆ ಕಾರ್ಬುರೇಟರ್ ಕೆಳಗೆ ದಪ್ಪ ಬೇಕಲೈಟ್ ಸ್ಪೇಸರ್ ಮತ್ತು ಅಲ್ಯುಮಿನಿಯಂ ಹೀಟ್ ಶೀಲ್ಡ್ ಮದ್ದು. ಇನ್ನೊಂದಕ್ಕೆ, ನಿಮ್ಮ ಶಿರಾಡಿ ತೊಂದರೆಗೂ ಸೇರಿ, ರಿಟರ್ನ್ ಲೈನ್.

ರಿಟರ್ನ್ ಲೈನ್ ಅಂದರೆ ಕಾರ್ಬುರೇಟರ್‌ಗೆ ಹೋಗುವ ಕೊನೆಯ ಪೈಪ್‌ಗೆ ಒಂದು ಟೀ ಹಾಕಿ, ಅದರ ಕವಲಿನಲ್ಲಿ 1.2 ರಿಂದ 1.5 ಮಿ.ಮೀ. ತೂತಿನ ಹಿತ್ತಾಳೆ ಬಿರಡೆ ಕೂರಿಸಿ ಟ್ಯಾಂಕ್‌ಗೆ ವಾಪಸ್ ಪೈಪ್ ಎಳೆಯೋದು. ಪೆಟ್ರೋಲ್ ಒಂದೇ ಕಡೆ ನಿಂತು ಕಾಯೋದಿಲ್ಲ, ಸುತ್ತುತ್ತಾ ತಣ್ಣಗಿರುತ್ತೆ, ಆವಿ ಆದರೂ ಟ್ಯಾಂಕ್‌ಗೆ ಹೋಗುತ್ತೆ. ಇದಕ್ಕೆ ಮೊದಲು ಪಂಪ್ ಗಟ್ಟಿ ಇದೆಯಾ ನೋಡಿ. ಇಂಜಿನ್ ತಣ್ಣಗಿದ್ದಾಗ ಕಾರ್ಬುರೇಟರ್ ಕಡೆಯ ಪೈಪ್ ಬಿಚ್ಚಿ ಬಾಟಲಿಗೆ ಬಿಡಿ, ಬೌಲ್‌ನಲ್ಲಿರುವ ಪೆಟ್ರೋಲ್‌ನಲ್ಲೇ ಇಂಜಿನ್ ಐಡಲ್ ಓಡಲಿ. 30 ಸೆಕೆಂಡ್‌ಗೆ 200 ಎಂಎಲ್ ಬಂದರೆ ಸಾಕು, ಪೂರ್ತಿ ಎಕ್ಸಲೇಟರ್‌ನಲ್ಲೂ ಈ ಇಂಜಿನ್ ನಿಮಿಷಕ್ಕೆ 300 ಎಂಎಲ್ ಆಸುಪಾಸು ಕುಡಿಯುತ್ತೆ. ಒತ್ತಡ 2–3 ಪಿಎಸ್‌ಐ ಇರಬೇಕು. ಅದಕ್ಕೂ ಹೆಚ್ಚಾದರೆ ನೀಡಲ್ ವಾಲ್ವ್ ತಡೆಯಲ್ಲ, ಬೌಲ್ ತುಂಬಿ ಹರಿಯುತ್ತೆ.

ಇಷ್ಟು ಮಾಡೋಕೆ ಮುಂಚೆ ಡೆಲ್ಕೊ. ಪಾಯಿಂಟ್ ಗ್ಯಾಪ್ 0.35–0.40 ಮಿ.ಮೀ., ಡ್ವೆಲ್ (ಪಾಯಿಂಟ್ ಮುಚ್ಚಿರುವ ಕೋನ) 60 ಡಿಗ್ರಿ ಹತ್ತಿರ. ಐಡಲ್‌ನಲ್ಲೂ 2000 ಆರ್‌ಪಿಎಂನಲ್ಲೂ ಡ್ವೆಲ್ ನೋಡಿ, ಮೂರು ಡಿಗ್ರಿಗಿಂತ ಹೆಚ್ಚು ಓಲಾಡಿದರೆ ಶಾಫ್ಟ್ ಬುಶ್ ಸವೆದಿದೆ. ವ್ಯಾಕ್ಯೂಮ್ ಪೈಪ್‌ಗೆ ಬಾಯಿ ಹಾಕಿ ಎಳೆದರೆ ಪಾಯಿಂಟ್ ಪ್ಲೇಟ್ ತಿರುಗಿ ಅಲ್ಲೇ ನಿಲ್ಲಬೇಕು. ಡೆಲ್ಕೊ ಸರಿ ಇಲ್ಲದೆ ಕಾರ್ಬುರೇಟರ್ ಟ್ಯೂನ್ ಮಾಡೋದು ಶುದ್ಧ ದಂಡ.

ಎಲ್ಲ ಆದ ಮೇಲೆ ಮಿಕ್ಸ್ಚರ್ ಸ್ಕ್ರೂ ಮೆಲ್ಲಗೆ ಮುಚ್ಚಿ ಒಂದೂವರೆ ಸುತ್ತು ಬಿಚ್ಚಿ, 750–800 ಆರ್‌ಪಿಎಂನಲ್ಲಿ ವ್ಯಾಕ್ಯೂಮ್ ಗೇಜ್ ಅತಿ ಹೆಚ್ಚು ತೋರಿಸುವ ಜಾಗಕ್ಕೆ ನಿಲ್ಲಿಸಿ. ಪುಸ್ತಕದಲ್ಲಿ 17–20 ಇಂಚು (ಪಾದರಸ) ಅಂತಿರುತ್ತೆ, ಅದು ಸಮುದ್ರಮಟ್ಟದ ಲೆಕ್ಕ. ಹಾಸನದಲ್ಲಿ ಮೂರು ಇಂಚು ಕಡಿಮೆ ಬರೋದೇ ಸರಿ, ಅದಕ್ಕೆ ಹೆದರಬೇಡಿ.

ನನ್ನ ಅಭಿಪ್ರಾಯ: ನಿಮ್ಮ ಓಡಾಟಕ್ಕೆ ಸೋಲೆಕ್ಸ್ ಸಾಕು.

ಲ್ಯಾಮ್ಡಾ_ಒಂದು

ಮೇಲಿನ ಉತ್ತರದಲ್ಲಿ ತಪ್ಪು ಹುಡುಕೋಕೆ ಏನೂ ಇಲ್ಲ. ಆದರೆ ಇಂಜೆಕ್ಷನ್ ಬೇಡವೇ ಬೇಡ ಅನ್ನೋಕೆ ನಾನು ಒಪ್ಪಲ್ಲ. ಹಾಸನ–ಮಂಗಳೂರು ಹತ್ತಿಳಿಯುವ ಗಾಡಿಗೆ ಅದರ ಲಾಭ ನಿಜವಾಗಿ ಸಿಗುತ್ತೆ: ಮ್ಯಾಪ್ ಸೆನ್ಸರ್ (ಮ್ಯಾನಿಫೋಲ್ಡ್ ಒಳಗಿನ ಗಾಳಿಯ ಒತ್ತಡ ಅಳೆಯೋದು) ಮತ್ತು ಗಾಳಿಯ ಉಷ್ಣತೆ ಸೆನ್ಸರ್ ಇರೋದರಿಂದ ಎತ್ತರ ಬದಲಾದಂತೆ ಲೆಕ್ಕ ತಾನೇ ಬದಲಾಗುತ್ತೆ. ಎಕ್ಸಾಸ್ಟ್‌ನ ಆಮ್ಲಜನಕ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್‌ನ ಫೀಡ್‌ಬ್ಯಾಕ್ ಕೊಟ್ಟರೆ ಪೆಟ್ರೋಲ್‌ನಲ್ಲಿ ಎಥನಾಲ್ ಹೆಚ್ಚುಕಡಿಮೆ ಇದ್ದರೂ ಅದನ್ನೂ ತಿದ್ದಿಕೊಳ್ಳುತ್ತೆ. ಶಾಖದಲ್ಲಿ ಆವಿ ಕಟ್ಟೋದು ಬಹುಮಟ್ಟಿಗೆ ನಿಲ್ಲುತ್ತೆ, ಏಕೆಂದರೆ ಲೈನ್‌ನಲ್ಲಿ ಪೆಟ್ರೋಲ್ ಒತ್ತಡದಲ್ಲಿರುತ್ತೆ, ಸುತ್ತುತ್ತಲೂ ಇರುತ್ತೆ.

ಆದರೆ ಆ ಗ್ಯಾರೇಜ್‌ನವರ ನಾಲ್ಕು ಇಂಜೆಕ್ಟರ್ ಯೋಜನೆ ಮಾತ್ರ ಒಪ್ಪಿಕೊಳ್ಳಬೇಡಿ. ನಿಮ್ಮ ಹೆಡ್‌ನಲ್ಲಿ ನಾಲ್ಕು ಇಂಟೇಕ್ ಪೋರ್ಟ್‌ಗಳೇ ಇಲ್ಲ. ಇರೋದು ಎರಡು. 1 ಮತ್ತು 2ನೇ ಸಿಲಿಂಡರ್‌ಗೆ ಒಂದು, 3 ಮತ್ತು 4ಕ್ಕೆ ಒಂದು. ಬಿ ಸೀರೀಸ್‌ನ ಐದು ಪೋರ್ಟ್ ಹೆಡ್ ಅಂದರೆ ಇದೇ, ಎರಡು ಇಂಟೇಕ್, ಮೂರು ಎಕ್ಸಾಸ್ಟ್. ಹೆಡ್ ನೋಡದೆ ಕೊಟೇಶನ್ ಕೊಟ್ಟಿದ್ದಾರೆ ಅನಿಸುತ್ತೆ.

ಫೈರಿಂಗ್ ಆರ್ಡರ್ 1-3-4-2. ಮೊದಲ ಜೋಡಿಯಲ್ಲಿ 2 ಗಾಳಿ ಎಳೆದ ಬೆನ್ನಿಗೇ, 180 ಡಿಗ್ರಿ ಬಿಟ್ಟು, 1 ಎಳೆಯುತ್ತೆ. ಆಮೇಲೆ 540 ಡಿಗ್ರಿ ಆ ಪೋರ್ಟ್ ಸುಮ್ಮನಿರುತ್ತೆ. ಇನ್ನೊಂದು ಜೋಡಿಯಲ್ಲಿ ಹಾಗೇ 3, ಆಮೇಲೆ 4. ಪೋರ್ಟ್‌ನಲ್ಲಿ ಇಂಜೆಕ್ಟರ್ ಇಟ್ಟು ಸಾಧಾರಣ ಬ್ಯಾಚ್ ರೀತಿಯಲ್ಲಿ (ಎಲ್ಲ ಒಟ್ಟಿಗೆ) ಸಿಂಪಡಿಸಿದರೆ, ಆ ಸುಮ್ಮನಿರುವ ಹೊತ್ತಿನಲ್ಲಿ ಸೇರಿದ ಪೆಟ್ರೋಲ್‌ನ ದೊಡ್ಡ ಪಾಲನ್ನು ಮೊದಲು ಬಾಯಿ ತೆರೆಯುವ 2 ಮತ್ತು 3 ನುಂಗುತ್ತವೆ, 1 ಮತ್ತು 4 ಉಪವಾಸ. ಎಕ್ಸಾಸ್ಟ್‌ನಲ್ಲಿರುವ ಸೆನ್ಸರ್ ನಾಲ್ಕರ ಸರಾಸರಿ ನೋಡಿ ಎಲ್ಲ ಚೆನ್ನಾಗಿದೆ ಅನ್ನುತ್ತೆ, ಒಳಗೆ ಎರಡು ಸಿಲಿಂಡರ್ ಲೀನ್ ಸುಡ್ತಿರುತ್ತವೆ. ಬ್ರಿಟನ್ನಿನ ಹಳೇ ಮಿನಿ ಕಾರಿನ ಎ ಸೀರೀಸ್ ಇಂಜಿನ್‌ನಲ್ಲೂ ಇದೇ ಹೆಡ್ ವಿನ್ಯಾಸ. ಕಂಪನಿಯೇ 1991ರಲ್ಲಿ ಅದಕ್ಕೆ ಇಂಜೆಕ್ಷನ್ ಕೊಟ್ಟಾಗ ಸಿಂಗಲ್ ಪಾಯಿಂಟ್ (ಎಲ್ಲ ಸಿಲಿಂಡರ್‌ಗೂ ಒಂದೇ ಕಡೆ ಸಿಂಪಡಿಸೋದು) ಕೊಟ್ಟಿತು. 1996ರಿಂದ ಪೋರ್ಟ್ ಹತ್ತಿರ ಎರಡು ಇಂಜೆಕ್ಟರ್ ಇಟ್ಟಾಗ ಸಿಂಪಡಿಸುವ ಸಮಯವನ್ನು ಪ್ರತಿ ಸಿಲಿಂಡರ್‌ಗೆ ಲೆಕ್ಕ ಹಾಕಿ ಕೊಡಬೇಕಾಯಿತು, ಅದಕ್ಕೆ ಕ್ಯಾಮ್ ಸೆನ್ಸರ್ ಬೇಕು.

ಹಾಗಾಗಿ ನಿಮಗೆ ಇಂಜೆಕ್ಷನ್ ಅಂದರೆ ಥ್ರಾಟಲ್ ಬಾಡಿ ಇಂಜೆಕ್ಷನ್: ಸೋಲೆಕ್ಸ್ ಕೂತಿದ್ದ ಜಾಗದಲ್ಲೇ, ಅದೇ ಮ್ಯಾನಿಫೋಲ್ಡ್ ಮೇಲೆ. ಅಡಾಪ್ಟರ್ ಪ್ಲೇಟ್ 12 ಮಿ.ಮೀ. ಅಲ್ಯುಮಿನಿಯಂನಲ್ಲಿ ಮಾಡಿಸಿ. 32 ಪಿಬಿಐಸಿಯ ಥ್ರಾಟಲ್ ಬೋರ್ 32 ಮಿ.ಮೀ., ನೀವು ಹಾಕೋ ಥ್ರಾಟಲ್ ಬಾಡಿ 38–42 ಮಿ.ಮೀ. ಇದ್ದರೆ ಸಾಕು. ಅದಕ್ಕಿಂತ ದೊಡ್ಡದಾದರೆ ಎಕ್ಸಲೇಟರ್ ಸ್ವಲ್ಪ ಮುಟ್ಟಿದರೂ ಗಾಡಿ ಹಾರುತ್ತೆ, ಟ್ಯೂನಿಂಗ್ ಕಷ್ಟ. ಇಂಜೆಕ್ಟರ್ ಬಟರ್‌ಫ್ಲೈ ಮೇಲ್ಭಾಗದಲ್ಲಿರಲಿ, ಅದರ ಅಂಚಿನ ಸಂದಿಯಲ್ಲಿ ಗಾಳಿಯ ವೇಗ ಹೆಚ್ಚು, ಪೆಟ್ರೋಲ್ ಚೆನ್ನಾಗಿ ಒಡೆಯುತ್ತೆ.

ಇಂಜೆಕ್ಟರ್ ಸೈಜ್. 50 ಬಿಎಚ್‌ಪಿಗೆ ಗಂಟೆಗೆ ಸುಮಾರು 25 ಪೌಂಡ್ ಪೆಟ್ರೋಲ್, ಅಂದರೆ ನಿಮಿಷಕ್ಕೆ 260 ಸಿಸಿ ಹತ್ತಿರ. ಇ20ಗೆ ಶೇ 8 ಸೇರಿಸಿ, ಇಂಜೆಕ್ಟರ್ ಶೇ 80ಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದು ಅಂತ ಲೆಕ್ಕ ಹಾಕಿದರೆ 350 ಸಿಸಿ ಬೇಕು. ಇದನ್ನು ನೋಡಿ ಒಂದೇ 400 ಸಿಸಿ ಇಂಜೆಕ್ಟರ್ ಹಾಕೋರಿದ್ದಾರೆ. ಐಡಲ್‌ನಲ್ಲಿ ಪೆಟ್ಟು ಬೀಳೋದು ಅಲ್ಲೇ. ಗಂಟೆಗೆ 0.9 ಲೀಟರ್ ಕುಡಿಯುವ ಐಡಲ್‌ನಲ್ಲಿ, ಪ್ರತಿ ಇಂಟೇಕ್‌ಗೂ ಒಂದು ಸಲ ಸಿಂಪಡಿಸಿದರೆ, ಆ ದೊಡ್ಡ ಇಂಜೆಕ್ಟರ್ ತೆರೆದಿರಬೇಕಾದ ಹೊತ್ತು 1.4 ಮಿಲಿಸೆಕೆಂಡ್. ತೆರೆಯೋಕೇ ಅದು ಒಂದು ಮಿಲಿಸೆಕೆಂಡ್ ತಗೊಳ್ಳುತ್ತೆ. ಬ್ಯಾಟರಿ ವೋಲ್ಟೇಜ್ ಚೂರು ಅಲುಗಿದರೂ ಐಡಲ್ ಏರಿಳಿಯುತ್ತೆ. 200 ಸಿಸಿಯ ಎರಡು ಇಂಜೆಕ್ಟರ್ ಹಾಕಿ ಒಂದಾದ ಮೇಲೊಂದು ಸಿಂಪಡಿಸಲಿ, ಆಗ ಪ್ರತಿಯೊಂದಕ್ಕೂ 2.8 ಮಿಲಿಸೆಕೆಂಡ್ ಸಿಗುತ್ತೆ, ನಾಲ್ಕೂ ಸಿಲಿಂಡರ್‌ಗೆ ಸಮನಾಗಿ ಹೋಗುತ್ತೆ. 12–16 ಓಮ್‌ನ ಹೈ ಇಂಪೀಡೆನ್ಸ್ ಇಂಜೆಕ್ಟರ್‌ಗಳನ್ನೇ ತಗೊಳ್ಳಿ, ಕಡಿಮೆ ಓಮ್‌ನದಕ್ಕೆ ಬೇರೆ ಡ್ರೈವರ್ ಬೇಕು.

ಇಸಿಯು (ಇಂಜೆಕ್ಷನ್ ನಡೆಸುವ ಕಂಪ್ಯೂಟರ್) ಸ್ಪೀಡುಯಿನೊ ಅಥವಾ ಮೈಕ್ರೋಸ್ಕ್ವರ್ಟ್, ಎರಡರಲ್ಲೂ ಆಗುತ್ತೆ. ಮೈಕ್ರೋಸ್ಕ್ವರ್ಟ್‌ಗೆ ಮ್ಯಾಪ್ ಸೆನ್ಸರ್ ಹೊರಗೆ ಬೇಕು. ಮೊದಲು ಪೆಟ್ರೋಲ್ ನಿಯಂತ್ರಣ ಮಾತ್ರ ಇಸಿಯುಗೆ ಕೊಡಿ, ಇಗ್ನಿಷನ್ ಡೆಲ್ಕೊದಲ್ಲೇ ಇರಲಿ. ಆದರೆ ಪಾಯಿಂಟ್ ಸಿಗ್ನಲ್ ಗಲೀಜು. ಹಾಲ್ ಸೆನ್ಸರ್ ಕೂರಿಸಿ ಅದರಿಂದ ಆರ್‌ಪಿಎಂ ತಗೊಳ್ಳಿ, ರೆಸಿಸ್ಟರ್ ಪ್ಲಗ್ ಮತ್ತು ಸಪ್ರೆಸ್ಡ್ ವೈರ್ ಹಾಕಿ. ತಾಮ್ರದ ವೈರ್ ಹಾಗೇ ಬಿಟ್ಟರೆ ಇಸಿಯು ಓಡೋ ಗಾಡಿಯ ಮಧ್ಯೆ ರೀಸೆಟ್ ಆಗುತ್ತೆ.

ಹಾಸನ_ಮಾರ್ಕ್4

ಇಬ್ಬರಿಗೂ ತುಂಬಾ ಧನ್ಯವಾದ. ಪೋರ್ಟ್ ವಿಷಯ ಯಾರೂ ಹೇಳಿರಲಿಲ್ಲ.

ಮೂರು ಪ್ರಶ್ನೆ. 35 ಆಂಪ್ ಆಲ್ಟರ್ನೇಟರ್ ಇಂಜೆಕ್ಷನ್‌ಗೆ ಸಾಕಾ? ಗಾಡಿ ಬಿಸಿಯಾಗುತ್ತೆ ಅಂತ ಹಿಂದೆ ಯಾರೋ ಥರ್ಮೋಸ್ಟಾಟ್ ತೆಗೆದುಹಾಕಿದ್ದಾರೆ, ಅದರಿಂದ ತೊಂದರೆ ಇದೆಯಾ? ಸೋಲೆಕ್ಸ್ ಬದಲು ಎಸ್‌ಯು ಕಾರ್ಬುರೇಟರ್ ಹಾಕಿದರೆ ಹೇಗೆ?

ವೈರಿಂಗ್_ಮೇಷ್ಟ್ರು

ಥರ್ಮೋಸ್ಟಾಟ್ ಮೊದಲು. ಇಂಜೆಕ್ಷನ್ ಹಾಕಿಸೋದಾದರೆ ಅದಿಲ್ಲದೆ ಕೆಲಸ ಶುರು ಮಾಡಲೇಬೇಡಿ. ಇಸಿಯು ಕೂಲೆಂಟ್ ಸೆನ್ಸರ್ ನೋಡಿ ಚೋಕ್ ಕೊಡುತ್ತೆ. ಥರ್ಮೋಸ್ಟಾಟ್ ಇಲ್ಲದ ಇಂಜಿನ್ ಮಳೆಗಾಲದಲ್ಲಿ ಸಕಲೇಶಪುರದ ಇಳಿಜಾರಿನಲ್ಲಿ 50–55 ಡಿಗ್ರಿಯಲ್ಲೇ ಓಡ್ತಿರುತ್ತೆ, ಇಸಿಯುಗೆ ಇಂಜಿನ್ ಇನ್ನೂ ತಣ್ಣಗಿದೆ ಅಂತಲೇ ಲೆಕ್ಕ, ಪೆಟ್ರೋಲ್ ಸುರಿಯುತ್ತಲೇ ಇರುತ್ತೆ. ಕಾರ್ಬುರೇಟರ್ ಗಾಡಿಗೂ ಇದು ಒಳ್ಳೇದಲ್ಲ, ತಣ್ಣಗಿನ ಇಂಟೇಕ್‌ನಲ್ಲಿ ಪೆಟ್ರೋಲ್ ಹನಿಯಾಗಿ ಉಳಿದು ಸಿಲಿಂಡರ್ ಗೋಡೆಯ ಆಯಿಲ್ ತೊಳೆಯುತ್ತೆ. 82 ಡಿಗ್ರಿ ಥರ್ಮೋಸ್ಟಾಟ್ ಹಾಕಿ. ಅದು ಹಾಕಿದ ಮೇಲೆ ಬಿಸಿಯಾದರೆ ತಪ್ಪು ರೇಡಿಯೇಟರ್‌ನದು. ಒಳಗೆ ಕಟ್ಟಿಕೊಂಡಿದೆ, ರಾಡ್ ಹಾಕಿಸಿ ಕ್ಲೀನ್ ಮಾಡಿಸಿ.

ಆಲ್ಟರ್ನೇಟರ್ ಲೆಕ್ಕ: ಹೈ ಪ್ರೆಶರ್ ಪಂಪ್ 5–6 ಆಂಪ್, ಇಗ್ನಿಷನ್ ಕಾಯಿಲ್ 3–4, ಇಂಜೆಕ್ಟರ್, ಇಸಿಯು, ವೈಡ್‌ಬ್ಯಾಂಡ್ ಹೀಟರ್ ಸೇರಿ 3–4. ಅಲ್ಲಿಗೆ 11–14. ರಾತ್ರಿ ಮಳೆಯಲ್ಲಿ ಹೆಡ್‌ಲೈಟ್ 10, ವೈಪರ್, ಹಿಂದಿನ ದೀಪ ಎಲ್ಲ ಸೇರಿ ಇನ್ನೊಂದು 5. ಒಟ್ಟು 30 ಮುಟ್ಟಿತು. 35 ಆಂಪ್ ಅನ್ನೋದು ಪೂರ್ತಿ ವೇಗದ ಅಂಕೆ, ಐಡಲ್‌ನಲ್ಲಿ ಅದು ಅರ್ಧವೂ ಕೊಡಲ್ಲ. ಟ್ರಾಫಿಕ್‌ನಲ್ಲಿ ವೋಲ್ಟೇಜ್ 11.5ಕ್ಕೆ ಇಳಿದರೆ ಇಂಜೆಕ್ಟರ್ ತೆರೆಯೋದು ತಡ ಆಗಿ ಲೀನ್ ಆಗುತ್ತೆ. 55 ಆಂಪ್‌ನದು ಹಾಕಿ. ಬ್ಯಾಟರಿ ನೆಗೆಟಿವ್‌ನಿಂದ ಇಂಜಿನ್ ಬ್ಲಾಕ್‌ಗೆ ದಪ್ಪ ಕೇಬಲ್, ಬ್ಲಾಕ್‌ನಿಂದ ಬಾಡಿಗೆ ಇನ್ನೊಂದು. ಇಸಿಯು ಮತ್ತು ಸೆನ್ಸರ್ ಅರ್ಥ್‌ಗಳೆಲ್ಲ ಬ್ಲಾಕ್ ಮೇಲಿನ ಒಂದೇ ಬೋಲ್ಟ್‌ಗೆ. ಒಂದು ಅರ್ಥ್ ಬಾನೆಟ್ ಹತ್ತಿರ, ಇನ್ನೊಂದು ಡ್ಯಾಶ್ ಕೆಳಗೆ ಹಾಕಿದರೆ ಸೆನ್ಸರ್ ರೀಡಿಂಗ್ ಸೆಲ್ಫ್ ಹೊಡೆದಾಗಲೆಲ್ಲ ಕುಣಿಯುತ್ತೆ.

ಈಗ ಪೆಟ್ರೋಲ್ ಲೈನ್. ಇಂಜೆಕ್ಷನ್ ಹಾಕಿಸುವವರು ಖರ್ಚು ಉಳಿಸೋಕೆ ನೋಡುವ ಜಾಗ ಇದೇ, ಗಾಡಿಗೆ ಬೆಂಕಿ ಬೀಳುವ ಜಾಗವೂ ಇದೇ. ನಿಮ್ಮ ಹಳೇ ಲೈನ್ 3 ಪಿಎಸ್‌ಐಗೆ ಮಾಡಿದ್ದು. ಇಂಜೆಕ್ಷನ್‌ನಲ್ಲಿ 3 ಬಾರ್, ಅಂದರೆ 43 ಪಿಎಸ್‌ಐ. ಹೋಸ್ ಮೇಲೆ ಎಸ್‌ಎಇ ಜೆ30 ಆರ್9 ಅಂತ ಅಚ್ಚಾಗಿರಬೇಕು. ಆರ್7 ಅಂತಿದ್ದರೆ ಅದು ಕಾರ್ಬುರೇಟರ್ ಹೋಸ್. ಹಲ್ಲಿರುವ ಸಾಮಾನ್ಯ ಕ್ಲಿಪ್ ಹೋಸ್ ಕತ್ತರಿಸುತ್ತೆ, ಇಂಜೆಕ್ಷನ್ ಕ್ಲಿಪ್‌ಗಳನ್ನೇ ಹಾಕಿ. ಉದ್ದಕ್ಕೂ ಸ್ಟೀಲ್ ಪೈಪ್, ಎರಡೂ ತುದಿಯಲ್ಲಿ ಮಾತ್ರ ಗಿಡ್ಡ ಹೋಸ್. ಎಕ್ಸಾಸ್ಟ್ ಪೈಪ್‌ನ ಬದಿ ಬೇಡ.

ಅಂಬಾಸಿಡರ್ ಟ್ಯಾಂಕ್‌ನಲ್ಲಿ ಇಂಜೆಕ್ಷನ್ ಪಂಪ್‌ಗೆ ಬೇಕಾದ ತಡೆಗೋಡೆ ಇಲ್ಲ. ಟ್ಯಾಂಕ್ ಕಾಲುಭಾಗ ಇರುವಾಗ ಘಾಟಿಯ ತಿರುವಿನಲ್ಲಿ ಪೆಟ್ರೋಲ್ ಒಂದು ಬದಿಗೆ ಓಡುತ್ತೆ. ಕಾರ್ಬುರೇಟರ್‌ಗೆ ಬೌಲ್ ಇರೋದರಿಂದ ಗೊತ್ತಾಗಲ್ಲ, ಹೈ ಪ್ರೆಶರ್ ಪಂಪ್ ಮಾತ್ರ ಗಾಳಿ ನುಂಗಿ ಒತ್ತಡ ಬೀಳಿಸಿ ಇಂಜಿನ್ ನಿಲ್ಲಿಸುತ್ತೆ. ಒಂದು ಲೀಟರ್‌ನ ಸರ್ಜ್ ಟ್ಯಾಂಕ್ ಹಾಕಿ: ಈಗಿರುವ ಕಡಿಮೆ ಒತ್ತಡದ ಪಂಪ್ ಅದನ್ನು ತುಂಬಿಸಲಿ, ಹೈ ಪ್ರೆಶರ್ ಪಂಪ್ ಅದರ ತಳದಿಂದ ಎಳೆಯಲಿ, ಮಿಕ್ಕಿದ್ದು ಸರ್ಜ್ ಟ್ಯಾಂಕ್‌ಗೆ, ಅಲ್ಲಿಂದ ತುಂಬಿ ಹೆಚ್ಚಾದದ್ದು ಮುಖ್ಯ ಟ್ಯಾಂಕ್‌ಗೆ. ಹೈ ಪ್ರೆಶರ್ ಪಂಪ್ ಕೆಳಗೆ ಕೂರಿಸಿ, ಅದು ತಳ್ಳುತ್ತೆ, ಎಳೆಯೋಕೆ ಬರಲ್ಲ. ಪಂಪ್‌ಗೆ ಮುಂಚೆ 100 ಮೈಕ್ರಾನ್ ಜಾಲರಿ, ಆಮೇಲೆ 10 ಮೈಕ್ರಾನ್ ಫಿಲ್ಟರ್. ಇ20 ಹಳೇ ಟ್ಯಾಂಕ್‌ನ ಅಂಟು, ತುಕ್ಕು ಎಲ್ಲ ಸಡಿಲ ಮಾಡಿ ತರುತ್ತೆ, ಟ್ಯಾಂಕ್ ಇಳಿಸಿ ತೊಳೆಸದೆ ಇಂಜೆಕ್ಟರ್ ಹಾಕಿದರೆ ಬೇಗನೇ ಕಟ್ಟಿಕೊಳ್ಳುತ್ತೆ. ಈ ತೊಳೆಯೋ ಕೆಲಸ ಕಾರ್ಬುರೇಟರ್ ಉಳಿಸಿಕೊಂಡರೂ ಬೇಕು.

ಪಂಪ್ ರಿಲೇ ಇಸಿಯು ಕೈಯಲ್ಲಿರಲಿ, ಆರ್‌ಪಿಎಂ ನಿಂತ ಎರಡು ಸೆಕೆಂಡ್‌ಗೆ ಪಂಪ್ ನಿಲ್ಲಬೇಕು. ಜೊತೆಗೆ ಅಪಘಾತವಾದರೆ ಕರೆಂಟ್ ಕತ್ತರಿಸುವ ಇನರ್ಷಿಯಾ ಸ್ವಿಚ್. ನೇರ ಇಗ್ನಿಷನ್ ಕೀಯಿಂದ ಪಂಪ್‌ಗೆ ವೈರ್ ಎಳೆಯುವ ಗ್ಯಾರೇಜ್‌ಗೆ ಗಾಡಿ ಕೊಡಬೇಡಿ.

ಆರ್‌ಸಿ_ಕಾರ್ಡು

ಕಾಗದದ ಕಡೆಯಿಂದ ಎರಡು ಮಾತು. ಇಂಜಿನ್ ಬದಲಿಸಿದರೆ ಇಂಜಿನ್ ನಂಬರ್ ಬದಲಾಗುತ್ತೆ, ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ತಿದ್ದಿಸಬೇಕು. ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಗೂ ವ್ಯತ್ಯಾಸ ಬರುವ ಬದಲಾವಣೆಯನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತೆ. ಎರಡನೇದು ವಿಂಟೇಜ್ ನೋಂದಣಿ. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲರೂಪದಲ್ಲಿರುವ, ಚಾಸಿ, ಬಾಡಿ, ಇಂಜಿನ್‌ನಲ್ಲಿ ದೊಡ್ಡ ಮಾರ್ಪಾಡಾಗದ ಗಾಡಿಗೆ ಅದು ಸಿಗುತ್ತೆ. ನಿಮ್ಮದಕ್ಕೆ 2036ರಲ್ಲಿ 50 ತುಂಬುತ್ತೆ. ಆದ್ದರಿಂದ ಏನೇ ಹಾಕಿಸಿದರೂ ಹೆಡ್ಡು, ಮ್ಯಾನಿಫೋಲ್ಡ್ ಕೊರೆಯಬೇಡಿ, ಬೋಲ್ಟ್ ಬಿಚ್ಚಿದರೆ ಹಳೇದು ವಾಪಸ್ ಕೂರುವಂತಿರಲಿ. ಬಿಚ್ಚಿದ ಸೋಲೆಕ್ಸ್, ಪಂಪ್, ಚೋಕ್ ಕೇಬಲ್, ಏರ್ ಕ್ಲೀನರ್ ಎಲ್ಲ ಒಂದು ಡಬ್ಬದಲ್ಲಿ ಕಟ್ಟಿಡಿ.

ಎಮಿಷನ್ ಟೆಸ್ಟ್‌ಗೆ ಇಂಜೆಕ್ಷನ್ ಬೇಕು ಅನ್ನೋ ಮಾತು ನಂಬಬೇಡಿ. ನಿಮ್ಮ ಗಾಡಿಯ ಕಾಲದ ಪೆಟ್ರೋಲ್ ಕಾರಿಗೆ ಐಡಲ್‌ನಲ್ಲಿ ಸಿಒ (ಕಾರ್ಬನ್ ಮೊನಾಕ್ಸೈಡ್) ಮಿತಿ ಶೇ 3, ಎಚ್‌ಸಿ (ಹೈಡ್ರೋಕಾರ್ಬನ್) 1500 ಪಿಪಿಎಂ. ಸರಿಯಾದ ಸೋಲೆಕ್ಸ್ ಅದರೊಳಗೆ ಸುಲಭವಾಗಿ ಬರುತ್ತೆ.

ಜೆಟ್_ನೂರಿಪ್ಪತ್ತೈದು

ಎಸ್‌ಯು ಬಗ್ಗೆ ಕೇಳಿದ್ದಿರಿ. ಇದೇ ಇಂಜಿನ್ ಇದ್ದ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿಗೆ ಎಸ್‌ಯು ಬರ್ತಿತ್ತು, ಬಹಳ ಒಳ್ಳೇ ಕಾರ್ಬುರೇಟರ್. ಹಲವು ಜೆಟ್‌ಗಳ ಬದಲು ಒಂದೇ ಜೆಟ್, ಅದರೊಳಗೆ ಮೊನಚು ಸೂಜಿ, ಗಾಳಿ ಎಳೆದಷ್ಟು ಪಿಸ್ಟನ್ ಏರಿ ದಾರಿ ದೊಡ್ಡದಾಗುತ್ತೆ. ಪಂಪ್ ಡಯಾಫ್ರಂ ಇಲ್ಲ, ಡ್ಯಾಂಪರ್‌ನಲ್ಲಿ ಎಸ್‌ಎಇ 20 ಆಯಿಲ್ ಇದ್ದರೆ ಆಯ್ತು. ಇ20ಗೆ ಅರ್ಧ ಸುತ್ತು ಜೆಟ್ ನಟ್ ಇಳಿಸಿದರೆ ಹೆಚ್ಚಿನ ಕೆಲಸ ಮುಗಿಯುತ್ತೆ, ಬಿಚ್ಚೋದೇ ಬೇಡ. ಆದರೆ ಅದು ಅಡ್ಡ ಕೂರುವ ಕಾರ್ಬುರೇಟರ್, ಸೋಲೆಕ್ಸ್ ಮೇಲಿಂದ ಕೆಳಗೆ. ಮ್ಯಾನಿಫೋಲ್ಡ್ ಬೇರೆಯೇ ಬೇಕು. ಅದು ಸಿಕ್ಕರೆ ಮಾತ್ರ ಯೋಚಿಸಿ, ಮೊಣಕೈ ಪೈಪ್ ವೆಲ್ಡ್ ಮಾಡಿಸಿ ಕೂರಿಸೋದು ಬೇಡ. ತಿರುವಿನಲ್ಲಿ ಪೆಟ್ರೋಲ್ ಗೋಡೆಗೆ ಬಡಿದು ಒಂದು ಜೋಡಿ ಸಿಲಿಂಡರ್‌ಗೆ ಹೆಚ್ಚು ಹೋಗುತ್ತೆ.

ಲ್ಯಾಮ್ಡಾ ಅವರು ಹೇಳಿದ ಇಂಜೆಕ್ಷನ್ ಲೆಕ್ಕಕ್ಕೆ ನನ್ನ ತಕರಾರಿಲ್ಲ. ತಕರಾರು ಘಾಟಿಯಲ್ಲಿ ಕೆಟ್ಟರೆ ಏನು ಅನ್ನೋದಕ್ಕೆ. ಸೋಲೆಕ್ಸ್ ಕೆಟ್ಟರೆ ಸ್ಕ್ರೂಡ್ರೈವರ್ ಇರುವ ಯಾವ ಊರಲ್ಲೂ ರಿಪೇರಿ. ಸೆನ್ಸರ್ ಕನೆಕ್ಟರ್ ತುಕ್ಕು ಹಿಡಿದರೆ ಲ್ಯಾಪ್‌ಟಾಪ್ ಇಟ್ಟುಕೊಂಡ ಒಬ್ಬರನ್ನು ಹುಡುಕಬೇಕು.

ಲ್ಯಾಮ್ಡಾ_ಒಂದು

ಅದು ನ್ಯಾಯವಾದ ತಕರಾರು. ಅದಕ್ಕೇ ಇಂಜೆಕ್ಷನ್ ಹಾಕಿಸುವವರು ಟ್ಯೂನಿಂಗ್ ಅನ್ನು ತಾವೇ ಕಲಿಯೋಕೆ ಸಿದ್ಧರಿದ್ದರೆ ಮಾತ್ರ ಹಾಕಿಸಬೇಕು. ಟ್ಯೂನಿಂಗ್ ಅಂಕೆಗಳಿರುವ ಮ್ಯಾಪ್ ಫೈಲ್ ನಿಮ್ಮ ಕೈಗೆ ಕೊಡದ ಗ್ಯಾರೇಜ್‌ನಲ್ಲಿ ಮಾಡಿಸಬೇಡಿ.

ನನ್ನ ಸಲಹೆಯ ಕ್ರಮ ಇಷ್ಟು: ಟ್ಯಾಂಕ್, ಥರ್ಮೋಸ್ಟಾಟ್, ಡೆಲ್ಕೊ, ರಿಟರ್ನ್ ಲೈನ್. ಈ ನಾಲ್ಕೂ ಎರಡು ದಾರಿಗೂ ಬೇಕು, ಒಂದು ಪೈಸೆಯೂ ವ್ಯರ್ಥವಲ್ಲ. ರಿಟರ್ನ್ ಪೈಪ್ ಈಗಲೇ 8 ಮಿ.ಮೀ. ಸ್ಟೀಲ್‌ನಲ್ಲಿ ಹಾಕಿಸಿ, ನಾಳೆ ಇಂಜೆಕ್ಷನ್‌ಗೂ ಆಗುತ್ತೆ. ಆಮೇಲೆ ಸೋಲೆಕ್ಸ್ ಬುಶ್, ಕಿಟ್, ಜೆಟ್. ಅದರ ಜೊತೆ ಒಂದು ವೈಡ್‌ಬ್ಯಾಂಡ್ ಮೀಟರ್. ಜೆಟ್ ಆರಿಸೋಕೆ ಪ್ಲಗ್ ಬಣ್ಣಕ್ಕಿಂತ ಅದು ನಿಖರ. ಮೀಟರ್ ಅನ್ನು ಲ್ಯಾಮ್ಡಾ ಸ್ಕೇಲ್‌ಗೆ (1 ಅಂದರೆ ಸರಿ ಮಿಶ್ರಣ, ಅದಕ್ಕಿಂತ ಕಡಿಮೆ ಅಂದರೆ ರಿಚ್) ಬದಲಿಸಿ ಓದಿ. 14.7ರ ಸ್ಕೇಲ್ ಇ20ಯಲ್ಲಿ ದಾರಿ ತಪ್ಪಿಸುತ್ತೆ. ಐಡಲ್ 0.92–0.95, ಸಮ ವೇಗದಲ್ಲಿ 0.97–1.0, ಪೂರ್ತಿ ಎಕ್ಸಲೇಟರ್‌ನಲ್ಲಿ ಘಾಟಿ ಹತ್ತುವಾಗ 0.86–0.88. ಹಾಸನದಲ್ಲೂ ಮಂಗಳೂರಲ್ಲೂ ಈ ಅಂಕೆಗಳ ಆಸುಪಾಸು ನಿಂತರೆ ಇಂಜೆಕ್ಷನ್ ಬೇಕಿಲ್ಲ. ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ಸಹಿಸಲಾರದಷ್ಟು ಕೆಡ್ತಿದೆ ಅನಿಸಿದರೆ ಆಗ ಥ್ರಾಟಲ್ ಬಾಡಿ.

ಹಾಸನ_ಮಾರ್ಕ್4

ಅರ್ಥ ಆಯ್ತು ಸರ್. ಈ ಕ್ರಮದಲ್ಲೇ ಹೋಗ್ತೀನಿ, ಕಾರ್ಬುರೇಟರ್ ಬಿಚ್ಚೋಕೆ ಮುಂಚೆ ಟ್ಯಾಂಕ್ ಇಳಿಸ್ತೀನಿ. ಜೆಟ್‌ಗಳಿಗೆ ಬೆಂಗಳೂರು ಜೆ.ಸಿ. ರಸ್ತೆಯಲ್ಲಿ ವಿಚಾರಿಸ್ತೀನಿ. ವೈಡ್‌ಬ್ಯಾಂಡ್ ಸೆನ್ಸರ್ ಎಕ್ಸಾಸ್ಟ್‌ನಲ್ಲಿ ಎಲ್ಲಿ ಕೂರಿಸಬೇಕು?

ಲ್ಯಾಮ್ಡಾ_ಒಂದು

ಎಕ್ಸಾಸ್ಟ್ ಮ್ಯಾನಿಫೋಲ್ಡ್ ಫ್ಲಾಂಜ್‌ನಿಂದ ಕೆಳಗೆ, ನಾಲ್ಕೂ ಸಿಲಿಂಡರ್‌ನ ಹೊಗೆ ಸೇರಿದ ಮೇಲೆ ಒಂದೂವರೆ ಎರಡು ಅಡಿಯಲ್ಲಿ, ಸೈಲೆನ್ಸರ್‌ಗೆ ಸಾಕಷ್ಟು ಮುಂಚೆ. ಬಂಗ್ (ಸೆನ್ಸರ್ ಕೂರಿಸೋಕೆ ವೆಲ್ಡ್ ಮಾಡುವ ನಟ್) ಥ್ರೆಡ್ ಎಂ18×1.5. ಪೈಪ್‌ನ ಮೇಲರ್ಧದಲ್ಲಿ, ಅಡ್ಡಗೆರೆಯಿಂದ ಕನಿಷ್ಠ 10 ಡಿಗ್ರಿ ಮೇಲಕ್ಕೆ ವಾಲಿಸಿ ವೆಲ್ಡ್ ಮಾಡಿಸಿ, ಇಲ್ಲದಿದ್ದರೆ ಬೆಳಗಿನ ಸ್ಟಾರ್ಟ್‌ನಲ್ಲಿ ಪೈಪ್‌ನಲ್ಲಿ ಕೂಡುವ ನೀರು ಬಿಸಿ ಸೆನ್ಸರ್‌ಗೆ ತಾಗಿ ಒಳಗಿನ ಸೆರಾಮಿಕ್ ಸೀಳುತ್ತೆ. ಫ್ಲಾಂಜ್ ಗ್ಯಾಸ್ಕೆಟ್ ಹೊಸದು ಹಾಕಿ, ಅಲ್ಲಿ ಸೋರಿದರೆ ಹೊರಗಿನ ಗಾಳಿ ಒಳ ಸೇರಿ ಮೀಟರ್ ಇಲ್ಲದ ಲೀನ್ ತೋರಿಸುತ್ತೆ, ನೀವು ಸುಮ್ಮನೆ ಜೆಟ್ ದೊಡ್ಡದು ಮಾಡ್ತಾ ಹೋಗ್ತೀರಿ. ಹೀಟರ್‌ಗೆ ಕರೆಂಟ್ ಇಲ್ಲದೆ ಸೆನ್ಸರ್ ಅನ್ನು ಓಡೋ ಎಕ್ಸಾಸ್ಟ್‌ನಲ್ಲಿ ಬಿಡಬೇಡಿ, ಮಸಿ ಕಟ್ಟಿ ಸಾಯುತ್ತೆ. ಟ್ಯೂನಿಂಗ್ ಮುಗಿದ ಮೇಲೆ ಬಿಚ್ಚಿ ಬಂಗ್‌ಗೆ ಅದೇ ಥ್ರೆಡ್‌ನ ಪ್ಲಗ್ ಹಾಕಿಡಿ.